ಚಂದ್ಯಾನ ನಾಲ್ಕು ಬೂಟು

ಜುಗೂಳ
ಮಂಗಳವಾರ, ೪ ಮಾರ್ಚ್ ೨೦೨೫

ನೀಲಮಳಿಗೆ ಜಯ ಜಿನೇಂದ್ರ.

ಹೆಸರಿನ ಹಿಂದೆ ಏನಾದರೂ ಸೇರಿಸಬೇಕೆಂದು ಎರಡು ಹಾಳೆ ಹಾಳು ಮಾಡಿದೆ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದು ಒಂದು ಸಾಲನ್ನೂ ಬರೆಯದವನು ಈಗ ಏಕಾಏಕಿ ‘ಪ್ರೀತಿಯ’ ಎಂದರೆ ನೀನು ಅದನ್ನು ನಿನ್ನ ಅಣ್ಣನ ಹೆಂಡತಿಗೆ, ನಿಮ್ಮ ವೈನಿಗೆ, ತೋರಿಸಿ ನಗುತ್ತೀಯ. ಅದಕ್ಕೇ ಬರೀ ಹೆಸರು. ಮಗಳು ಕೋಮಲಳನ್ನು ಕರೆದುಕೊಂಡು ಕೊಗನೊಳ್ಳಿಗೆ, ನಿನ್ನ ತವರಿಗೆ, ಹೊರಟ ದಿನ ನೀನೇ ಹೇಳಿದ್ದೆ, ಹೇಳೂದೇನರ ಇದ್ರ ಬರದು ಕಳಸ್ರಿ, ನಿಮ್ಮ ದನಿ ನನಗ ಕೇಳೂದ ಬ್ಯಾಡ ಅಂತ. ಫೋನು ಎತ್ತುತ್ತಿಲ್ಲ ಎಂದು ಈಗ ಸಿಟ್ಟಿಲ್ಲ. ಒಂದು ತಿಂಗಳು ಇತ್ತು, ಸುಳ್ಳು ಯಾಕೆ ಹೇಳಲಿ.

ವಿಷಯ ಇಷ್ಟು. ಚಂದ್ಯಾನ ಕಾಲು ಸುಟ್ಟಿವೆ. ನಾಲ್ಕೂ.

ಕೋಮಲಳ ಮುಂದೆ ಈಗಲೇ ಹೇಳಬೇಡ. ಆ ನಾಯಿಯ ಹಣೆಯ ಮೇಲಿನ ಬಿಳಿ ಬೊಟ್ಟು ನೋಡಿ ಹೆಸರಿಟ್ಟವಳು ಅವಳು. ಹೊರಡುವ ದಿನ ಬಸ್ಸಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ಕಂಡಕ್ಟರ ಹೇಳಿದಾಗ, ನನ್ನ ಕಡೆ ನೋಡದೆಯೇ, ‘ಚಂದ್ಯಾನ್ನ ಚಂದಂಗ ನೋಡಕೋರಿ’ ಅಂದವಳೂ ಅವಳು. ಅದೊಂದೇ ಮಾತನ್ನು ಅವಳು ನನಗೆ ಒಪ್ಪಿಸಿ ಹೋದದ್ದು.

ಆದದ್ದು ಹೀಗೆ. ಕಬ್ಬು ಕಡಿದು ಗ್ಯಾಂಗಿನವರು ಹೋದ ಮೇಲೆ ಹೊಳೆಯ ಕಡೆಯ ಹೊಲದಲ್ಲಿ ಮೊಣಕಾಲುದ್ದ ರವದಿ, ಕಬ್ಬಿನ ಒಣ ಸೋಗೆ, ಬಿದ್ದಿತ್ತು. ನಾನು ಅದಕ್ಕೆ ಬೆಂಕಿ ಹಚ್ಚಿದೆ. ಹಚ್ಚುವುದಿಲ್ಲ ಎಂದು ಬಸದಿಯಲ್ಲಿ ನಿಂತು ನಿಮಗಿಬ್ಬರಿಗೂ ಮಾತು ಕೊಟ್ಟಿದ್ದೆ, ಹೋದ ವರ್ಷ ಮೊಲದ ಮರಿಗಳು ಕರಕಲಾಗಿ ಬಿದ್ದದ್ದನ್ನು ಕೋಮಲ ನೋಡಿದ ಮರುದಿನ. ಆ ಮಾತು ಮುರಿದೆ. ಅಪ್ಪ ಇರುವ ತನಕ ನಮ್ಮ ಹೊಲದಲ್ಲಿ ಕಡ್ಡಿ ಗೀರಿದ್ದಿಲ್ಲ. ರವದಿ ಕೊಳೆತು ಗೊಬ್ಬರವಾಗಲಿ, ಅದರ ಕೆಳಗಿನ ಜೀವಗಳೂ ಬದುಕಲಿ ಅನ್ನುತ್ತಿದ್ದರು. ನಾನು ಅಪ್ಪನ ಹೊಲ ಇಟ್ಟುಕೊಂಡೆ, ಬುದ್ಧಿ ಇಟ್ಟುಕೊಳ್ಳಲಿಲ್ಲ. ಚಂದ್ಯಾ ರವದಿಯೊಳಗೆ ಮಲಗಿತ್ತು, ನಾನು ನೋಡಲಿಲ್ಲ. ಕಂಡ ಮೇಲೆ ಓಡಿ ಹೋಗಿ ಎತ್ತಿಕೊಂಡು ಬಂದೆ. ನನ್ನ ಅಂಗಾಲಿಗೂ ಸ್ವಲ್ಪ ತಾಗಿದೆ, ಅದು ದೊಡ್ಡದಲ್ಲ. ಇವತ್ತಿಗೆ ಎಂಟು ದಿನವಾಯಿತು.

ಅವ್ವ ಅಂದಿನಿಂದ ಒಂದೇ ಹೊತ್ತು ಊಟ ಮಾಡುತ್ತಾಳೆ. ಸತ್ತ ಹುಳಹುಪ್ಪಡಿಗಳ ಪಾಪ ಯಾರಾದರೂ ಕಳೆಯಬೇಕಲ್ಲ ಅನ್ನುತ್ತಾಳೆ. ಕಡ್ಡಿಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ. ಚಹಾ ಕಾಸಲು ನಾನು ಅವಳ ಮುಂದೆ ಕೈ ಒಡ್ಡಿ ನಿಲ್ಲಬೇಕು. ಒಂದು ಕಡ್ಡಿ ಕೊಡುತ್ತಾಳೆ, ಎರಡಲ್ಲ. ಇನ್ನೊಂದು ಹೊಲವನ್ನೂ ಸುಡುತ್ತಾನೆ ಎಂಬ ಭಯ ಇರಬೇಕು ಪಾಪ.

ಕಾಗವಾಡದಿಂದ ದನದ ಡಾಕ್ಟರ ವಿಕ್ರಾಂತ ದಿನ ಬಿಟ್ಟು ದಿನ ಬರುತ್ತಾನೆ. ಒಳ್ಳೆಯ ಹುಡುಗ, ಆದರೆ ಪ್ರಶ್ನೆ ಜಾಸ್ತಿ. ನಾಯಿಯ ಕೊರಳಲ್ಲಿ ಹರಿದ ಹಗ್ಗದ ತುಂಡು ಯಾಕಿದೆ, ಕಟ್ಟಿದ ನಾಯಿ ಹೊಲದೊಳಗೆ ಹೇಗೆ ಮಲಗಿತ್ತು ಎಂದೆಲ್ಲ ಕೇಳಿದ. ನಾನು ಮುಲಾಮಿನ ಹೆಸರು ಕೇಳಿ ಮಾತು ತಪ್ಪಿಸಿದೆ. ಅಂಗಾಲಿನ ಗಟ್ಟಿ ತೊಗಲು ಪೂರಾ ಕಿತ್ತು ಬಂದಿದೆ. ಪಟ್ಟಿ ಕಟ್ಟಿದರೆ ಹಲ್ಲಿನಿಂದ ಕೀಳುತ್ತದೆ, ಕಿತ್ತ ಮೇಲೆ ಹಸಿ ಗಾಯ ನೆಕ್ಕುತ್ತಲೇ ಇರುತ್ತದೆ. ನೆಕ್ಕಬಾರದೆಂದು ಕೊರಳಿಗೆ ಬುಟ್ಟಿ ಕಟ್ಟಿದರೆ ಅನ್ನವನ್ನೇ ಬಿಟ್ಟಿತು. ಹಿಂದಿನ ಬಲಗಾಲಿಗೆ ಕೀವು ತುಂಬಿದೆ. ಡಾಕ್ಟರ ಮೊನ್ನೆ ನನ್ನನ್ನು ಹೊರಗೆ ಕರೆದು ಹೇಳಿದ. ‘ದಾದಾ, ಕಾಲಿಗಿ ಬೂಟ ಹಾಕಸ್ರಿ. ಮಣ್ಣ ಹತ್ತಬಾರದು, ನಾಲಿಗಿ ಹತ್ತಬಾರದು, ದಿನಾ ನಾಕ ಹೆಜ್ಜಿ ನಡೀಬೇಕು. ಮಲಗೇ ಇದ್ರ ಮ್ಯಾಲೆ ಏಳೂದಿಲ್ಲ. ಹೋಳಿ ಹುಣ್ಣಿಮಿ ತನಕ ನೋಡೂಣು. ಇಲ್ಲಂದ್ರ ಆ ಕಾಲ ತಗೀಬೇಕು, ಕೀವು ಮ್ಯಾಲ ಏರಿದ್ರ ಇಂಜೆಕ್ಷನ್ ಕೊಟ್ಟು ಮಲಗಸೂದ ಪುಣ್ಯಾ.’

ಹುಣ್ಣಿಮೆಗೆ ಹತ್ತು ದಿನವೂ ಇಲ್ಲ.

ನಾಯಿಗೆ ಬೂಟು ರೂಢಿ ಮಾಡಿಸುವುದು ಹೇಗೆಂದು ಅವನೇ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದಾನೆ. ಮೊದಲು ಅದರ ಅನ್ನದ ತಾಟಿನ ಪಕ್ಕ ಬೂಟು ಇಡಬೇಕಂತೆ, ಮೂಸಿ ನೋಡಲು ಬಿಡಬೇಕಂತೆ. ಆಮೇಲೆ ಒಂದೇ ಕಾಲಿಗೆ ಹಾಕಿ, ಬಾಯಿಗೆ ತಿನ್ನಲು ಕೊಟ್ಟು, ಅದು ಬೇಸರಪಡುವ ಮೊದಲೇ ತೆಗೆಯಬೇಕು. ಮರುದಿನ ಎರಡು ಕಾಲು. ಬೆರಳ ಸಂದಿಯಲ್ಲಿ ಬಿಗಿಯಾಗಿದೆಯೇ ನೋಡುತ್ತಿರಬೇಕು. ಕಡೆಯ ಸಾಲಿಗೆ ಅಡಿಗೆರೆ ಹಾಕಿದ್ದಾನೆ: ಬೈಯಬಾರದು, ನಗಬಾರದು, ಅವಸರ ಮಾಡಬಾರದು. ಅದನ್ನು ಓದಿ ಅವ್ವನಿಗೆ ನಗು ಬಂತು, ಈ ಎಂಟು ದಿನದಲ್ಲಿ ಮೊದಲ ಸಲ.

ನೀಲಮ, ನೀನು ಎರಡು ದಿನದ ಮಟ್ಟಿಗೆ ಬಾ. ಕೋಮಲಳನ್ನೂ ಕರೆದುಕೊಂಡು ಬಾ. ಆ ನಾಯಿ ನಿಮ್ಮ ಮಾತು ಕೇಳುತ್ತದೆ. ನಾನು ಹೇಳಿದರೆ ಕಣ್ಣು ಮುಚ್ಚಿಕೊಳ್ಳುತ್ತದೆ. ನಾನು ಅದಕ್ಕೆ ಒಂದು ದಿನವೂ ಹೊಡೆದಿಲ್ಲ. ನಿಮಗೂ ಹೊಡೆದಿಲ್ಲ. ಸಂಕ್ರಾಂತಿ ಮುಗಿದ ವಾರ ಹಾಲಿನ ಪಾತೆಲಿ ಅಂಗಳಕ್ಕೆ ಎಸೆದೆ, ಒಪ್ಪುತ್ತೇನೆ, ಆದರೆ ಪಾತೆಲಿ ಯಾರಿಗೂ ತಾಗಿಲ್ಲ. ಹದಿಮೂರು ವರ್ಷದಲ್ಲಿ ನಾನು ಯಾರ ಮೇಲೂ ಕೈ ಎತ್ತಿದವನಲ್ಲ, ಇದನ್ನು ನೀನೂ ಒಪ್ಪಲೇಬೇಕು.

ಗುರುವಾರ, ೬ ಮಾರ್ಚ್

ಮೇಲಿನದನ್ನು ಟಪಾಲಿಗೆ ಹಾಕಲು ಶಿರಗುಪ್ಪಿಗೆ ಹೋಗಿದ್ದೆ. ಡಬ್ಬಿಯ ಮುಂದೆ ನಿಂತು ಇನ್ನೊಮ್ಮೆ ಓದಿದೆ. ಬಾ, ಕರೆದುಕೊಂಡು ಬಾ, ಒಪ್ಪಲೇಬೇಕು. ಬರೆದ ಕಾಗದದಲ್ಲೂ ಹುಕುಂ ಹೊರಡಿಸಿದ್ದೇನೆ. ಹಾಕದೆ ವಾಪಸ್ ಬಂದೆ. ಹರಿಯಲು ಮನಸ್ಸಾಗಲಿಲ್ಲ, ಇದ್ದದ್ದು ಇರಲಿ ಎಂದು ಅದರ ಕೆಳಗೇ ಮುಂದುವರಿಸಿದ್ದೇನೆ.

ಮೊದಲು ಕೋಮಲಳ ಹಳೆಯ ಕಾಲುಚೀಲ ಹಾಕಿ ನೋಡಿದೆ, ನೀಲಿ ಪಟ್ಟಿಯವು. ಅವನ್ನು ಚಂದ್ಯಾ ಕೀಳಲಿಲ್ಲ. ಮೂಸಿತು, ಮೂಗು ಒತ್ತಿಕೊಂಡು ಮಲಗಿತು. ಆದರೆ ಎರಡು ತಾಸಿನಲ್ಲಿ ಕೀವಿನಿಂದ ನೆನೆದು ಗಾಯಕ್ಕೆ ಅಂಟಿಕೊಂಡವು. ಬಿಡಿಸುವಾಗ ಅದು ಅತ್ತದ್ದನ್ನು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಸೈಕಲ್ಲಿನ ಟ್ಯೂಬು ಕತ್ತರಿಸಿ ಕಟ್ಟಿದೆ. ಒಳಗೆ ಬೆವತು ತೊಗಲು ಬಿಳಿಚಿತು. ಡಾಕ್ಟರ ಅದನ್ನು ನೋಡಿ ಬಿಸಾಡಿದ. ಮೇಲೆ ಬಟ್ಟೆ, ಕೆಳಗೆ ತೆಳು ತೊಗಲಿನ ಅಟ್ಟೆ ಇರಬೇಕು, ಒಳ್ಳೆಯ ಚಪ್ಪಲಿ ಹೊಲಿಯುವವರ ಹತ್ತಿರ ಹೋಗ್ರಿ ಅಂದ.

ತೊಗಲು ಅಂದ ಕೂಡಲೆ ಅವ್ವ ಜಪಮಾಲೆ ಕೆಳಗಿಟ್ಟಳು. ಪಡಸಾಲೆಗೆ ತೊಗಲು ತರುವುದು ಬೇಡ ಎಂದು ಅಪ್ಪನ ಕಾಲದಿಂದಲೂ ಇದೆ, ಚಪ್ಪಲಿ ಅಂಗಳದಲ್ಲೇ ಬಿಟ್ಟು ಬರುವ ಮನೆ ನಮ್ಮದು. ಆಮೇಲೆ ಅವಳೇ, ‘ಸತ್ತ ತೊಗಲಿಗಿಂತ ಇದ್ದ ಜೀವಾ ದೊಡ್ಡದು, ಹೋಗು’ ಅಂದಳು.

ಚಂದ್ಯಾ ನಿದ್ದೆಯಲ್ಲಿದ್ದಾಗ ಕೋಮಲ ಬಿಟ್ಟುಹೋದ ಚಿತ್ರದ ವಹಿಯ ಹಾಳೆಯನ್ನು ಒಂದೊಂದೇ ಕಾಲಿನ ಕೆಳಗೆ ಹಿಡಿದು, ಅವಳ ಕೆಂಪು ಪೆನ್ಸಿಲ್ಲಿನಿಂದ ಸುತ್ತಲೂ ಗೆರೆ ಎಳೆದೆ. ನಾಲ್ಕು ಹಾಳೆ ಮಡಚಿಕೊಂಡು ಅಥಣಿಗೆ ಬಸ್ಸು ಹತ್ತಿದೆ, ನಮ್ಮ ಮನೆಯ ಚಪ್ಪಲಿ ಹೊಲಿಯುವ ಗಂಗಾರಾಮ ಕಾಕಾನ ಹತ್ತಿರ. ನನ್ನ ಅಂಗಾಲಿಗೆ ಪಟ್ಟಿ ಇರುವುದರಿಂದ ನನ್ನ ಚಪ್ಪಲಿ ಮೆಟ್ಟಲು ಆಗುತ್ತಿಲ್ಲ, ಅವ್ವನ ರಬ್ಬರ ಚಪ್ಪಲಿ ಹಾಕಿಕೊಂಡು ಹೋದೆ. ಚಪ್ಪಲಿಯ ಕರಕರ ಸದ್ದು ಮಾಡುತ್ತ ಊರ ಅಗಸಿ ಬಾಗಿಲು ದಾಟುತ್ತಿದ್ದವನು ಹೆಂಗಸರ ಕೆಂಪು ಸ್ಲಿಪ್ಪರಿನಲ್ಲಿ ಕುಂಟುತ್ತ ಹೋದದ್ದನ್ನು ಇಡೀ ಜುಗೂಳ ನೋಡಿದೆ. ನೀನೊಬ್ಬಳು ತಪ್ಪಿಸಿಕೊಂಡೆ.

ಗಂಗಾರಾಮ ಕಾಕಾನ ಉದ್ದ ವಹಿ ನಿನಗೆ ನೆನಪಿರಬಹುದು, ಗಿರಾಕಿಗಳ ಪಾದದ ಗೆರೆ ತೆಗೆದಿಡುವುದು. ನಮ್ಮ ಮನೆತನದ ಪುಟದಲ್ಲಿ ಅಜ್ಜನ ಪಾದ, ಅಪ್ಪನದು, ನನ್ನದು, ಕೋಮಲ ಐದು ವರ್ಷದವಳಿದ್ದಾಗಿನ ಪುಟ್ಟ ಪಾದ ಎಲ್ಲ ಇವೆ. ನಾಯಿಗೆ ಬೂಟು ಅಂದಾಗ ಅವನ ಸೊಸೆ, ಚಪ್ಪಲಿಯ ಜಡೆ ಹೆಣೆಯುತ್ತಿದ್ದವಳು, ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹೋದಳು. ಅವನು ನಗಲಿಲ್ಲ. ನಾಲ್ಕು ಹಾಳೆಯನ್ನೂ ಅಂಗೈಯಲ್ಲಿ ಸವರಿ, ಮುಂದಿನವು ದೊಡ್ಡವು, ಹಿಂದಿನವು ಸಣ್ಣವು ಎಂದು ಗುರುತು ಮಾಡಿಕೊಂಡು, ಕೋಮಲಳ ಪಾದದ ಪಕ್ಕದಲ್ಲೇ ಅಚ್ಚು ತೆಗೆದು ‘ಚಂದ್ಯಾ’ ಎಂದು ಬರೆದುಕೊಂಡ. ‘ಗಿರಾಕಿ ಅಂದ್ರ ಗಿರಾಕಿ. ನಿಮ್ಮ ಮನಿತನಕ್ಕ ತಕ್ಕಂಗ ಮಾಡಿ ಕೊಡ್ತೀನ್ರಿ ಅಣ್ಣಾರ’ ಅಂದ. ಶನಿವಾರ ಬರಲು ಹೇಳಿದ್ದಾನೆ.

ಬಸ್ಸಿನಲ್ಲಿ ಬರುವಾಗ ನನಗೆ ಉಸಿರು ಕಟ್ಟಿದಂತಾಯಿತು. ಕಾಲಿನ ನೋವಲ್ಲ. ಆ ನಾಯಿ ಸತ್ತರೆ ಕೋಮಲಳ ಮುಂದೆ ನಿಲ್ಲಲು ನನಗೆ ಮುಖವಿಲ್ಲ, ನಿಲ್ಲಲು ಜಾಗವೂ ಇಲ್ಲ. ಅವಳು ಒಪ್ಪಿಸಿದ್ದು ಅದೊಂದೇ.

ರವಿವಾರ, ೯ ಮಾರ್ಚ್

ಬೂಟು ಬಂದಿವೆ. ಮೇಲೆ ಕ್ಯಾನ್ವಾಸು, ಕೆಳಗೆ ಎರಡು ಪದರದ ತೆಳು ತೊಗಲು, ಕಟ್ಟಲು ಪಟ್ಟಿ. ಪಟ್ಟಿಯ ಮೇಲೆ ಮದುವೆಯ ಚಪ್ಪಲಿಗೆ ಹಾಕುವ ಹಾಗೆ ಸಣ್ಣ ಕೆಂಪು ಕುಚ್ಚು. ಕೊಡುವಾಗ ಕಾಕಾ, ‘ಮನಿಗಿ ಹೋಗಿ ಹಾಕಿ ನೋಡ್ರಿ, ಆಮ್ಯಾಲ ನನ್ನ ನೆನಿಸ್ತೀರಿ’ ಎಂದು ನಕ್ಕ.

ಚೀಟಿಯಲ್ಲಿದ್ದಂತೆಯೇ ಶುರು ಮಾಡಿದೆ. ನಿನ್ನೆ ತಂದಾಗಿನಿಂದ ರಾತ್ರಿಯ ತನಕ ಬೂಟುಗಳನ್ನು ತಾಟಿನ ಪಕ್ಕ ಇಟ್ಟೆ. ಮೂಸಿತು, ಕುಚ್ಚು ನೆಕ್ಕಿತು. ಮುಂಜಾನೆ ಮಲಗಿದ್ದಲ್ಲೇ ಒಂದು ಕಾಲಿಗೆ ಹಾಕಿ ಖಾರಿ ಬಿಸ್ಕೀಟು ಕೊಟ್ಟೆ, ಹಾಲಿನ ಕೆನೆಯಲ್ಲಿ ಅದ್ದಿ, ಕೋಮಲ ಕೊಡುತ್ತಿದ್ದ ಹಾಗೆ. ತಿಂದಿತು. ತೆಗೆದೆ. ಹುಣ್ಣಿಮೆ ಹತ್ತಿರ ಬಂತೆಂದು ಮರುದಿನಕ್ಕೆ ಕಾಯದೆ ಎರಡು ಕಾಲಿಗೆ ಹಾಕಿದೆ, ಸುಮ್ಮನಿತ್ತು. ನಾಲ್ಕಕ್ಕೂ ಹಾಕಿದೆ. ನನಗೆ ಎಷ್ಟು ಖುಷಿಯಾಯಿತೆಂದರೆ ಅವ್ವನನ್ನು ಕೂಗಿ ಕರೆದೆ. ಹೊಟ್ಟೆಯ ಕೆಳಗೆ ಟಾವೆಲ್ಲು ಕೊಟ್ಟು ಮೆಲ್ಲಗೆ ಎಬ್ಬಿಸಿ ನಿಲ್ಲಿಸಿದೆ.

ಮೊದಲ ಹೆಜ್ಜೆ ಊರಿತು, ಕರ್ರ್ ಅಂದಿತು. ಗಂಗಾರಾಮ ಕಾಕಾ ನಾಯಿಯ ಬೂಟಿಗೂ ತುಳಿದಾಗ ಕರಗುಟ್ಟಲೆಂದು ಎರಡು ತೊಗಲಿನ ನಡುವೆ ಬೀಜ ಇಟ್ಟು ಹೊಲಿದಿದ್ದಾನೆ, ನನ್ನ ಚಪ್ಪಲಿಗೆ ಇಡುವ ಹಾಗೆಯೇ. ನಮ್ಮ ಮನೆತನಕ್ಕೆ ತಕ್ಕಂತೆ ಅಂದದ್ದು ಇದಕ್ಕೆ. ನನಗೆ ನಗು ಬಂತು, ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಚಂದ್ಯಾ ನಿಂತಲ್ಲೇ ನಡುಗತೊಡಗಿತು. ಕಿವಿ ತಲೆಗೆ ಅಂಟಿದವು, ಬಾಲ ಹೊಟ್ಟೆಯೊಳಗೆ ಹೋಯಿತು. ಇನ್ನೊಂದು ಕಾಲು ಎತ್ತಿ ಇಟ್ಟಿತು, ಮತ್ತೆ ಕರ್ರ್. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಹೊಟ್ಟೆಯ ಮೇಲೆ ತೆವಳುತ್ತ ಜೋಳದ ಕಣಜದ ಹಿಂದೆ ಹೋಗಿ ಸೇರಿಕೊಂಡಿತು. ಎಳೆದರೂ ಬರಲಿಲ್ಲ. ಬೂಟು ಬಿಗಿಯಾಗಿರಬೇಕೆಂದು ಸಡಿಲ ಮಾಡಿ ಮತ್ತೆ ನಿಲ್ಲಿಸಿದೆ, ಮತ್ತೆ ಅದೇ. ಸಂಜೆಯೊಳಗೆ ನಾಲ್ಕು ಸಲ.

ನಾಲ್ಕನೇ ಸಲ ನನ್ನ ತಾಳ್ಮೆ ತಪ್ಪಿತು. ಬೈದೆ. ನನ್ನ ಗಂಟಲು ನಿನಗೆ ಗೊತ್ತು. ಅದು ಬೂಟನ್ನೂ ಪಟ್ಟಿಯನ್ನೂ ಗಾಯವನ್ನೂ ಒಟ್ಟಿಗೆ ಕಚ್ಚಿಕೊಂಡಿತು, ನೆಲದ ತುಂಬ ರಕ್ತ. ಆಮೇಲೆ ನಾನು ಕಣಜದ ಮುಂದೆ ಕೂತು ಅತ್ತೆ, ನೀಲಮ. ಅಪ್ಪ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ನನ್ನಿಂದ ಆಗುವುದಿಲ್ಲ. ನಾಳೆ ಡಾಕ್ಟರನಿಗೆ ಇಂಜೆಕ್ಷನ್ ತರಲು ಹೇಳುತ್ತೇನೆ.

ಸೋಮವಾರ, ೧೦ ಮಾರ್ಚ್

ಇಂಜೆಕ್ಷನ್ನಿಗೆ ಹೇಳಲಿಲ್ಲ. ಕಾರಣ ಅವ್ವ.

ಅವಳ ಕಣ್ಣಿನ ಪೊರೆ ಹೆಚ್ಚಾಗಿದೆ, ನನ್ನ ಮುಖವೂ ಸರಿಯಾಗಿ ಕಾಣುವುದಿಲ್ಲ ಅನ್ನುತ್ತಾಳೆ. ಆದರೆ ಕಿವಿ ಚುರುಕು. ಮುಂಜಾನೆ ಫೋನು ಕೈಯಲ್ಲಿ ಹಿಡಿದುಕೊಂಡು ಅಂಗಳದಲ್ಲಿ ನಿಂತಿದ್ದೆ. ಕಟ್ಟೆಯ ಮೇಲೆ ಕೂತವಳು ಕರೆದಳು. ‘ಲೇ ಧರಣ್ಯಾ, ಆ ನಾಯಿ ಬೂಟಿಗಿ ಅಂಜವಲ್ಲದು. ಸಪ್ಪಳಕ್ಕ ಅಂಜಾಕತ್ತೈತಿ’ ಅಂದಳು. ಯಾವ ಸಪ್ಪಳ ಎಂದು ಕೇಳಿದೆ. ನಿಜವಾಗಿಯೂ ನನಗೆ ಹೊಳೆದಿರಲಿಲ್ಲ.

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ‘ನಿನ್ನ ಚಪ್ಪಲಿ ಸಪ್ಪಳಾ. ಅಗಸ್ಯಾಗ ಅದು ಕರಗುಟ್ಟಿತಂದ್ರ ಈ ಮನ್ಯಾಗ ಏನೇನ ಆಗತಿತ್ತು ನಿನಗ ಗೊತ್ತಿಲ್ಲ, ನೀ ಆವಾಗ ಹೊರಗ ಇರತಿದ್ದಿ. ನೀಲಮ ಮಾತು ನಿಲ್ಲಸತಿದ್ಲು. ಕೋಮಲ ಪುಸ್ತಕಾ ತಗೊಂಡು ಕಣಜದ ಹಿಂದ ಹೋಗತಿತ್ತು, ಆ ನಾಯಿ ಅದರ ಬೆನ್ನ ಹತ್ತಿ. ಇಬ್ರೂ ಒಬ್ರನ್ನೊಬ್ರು ಹಿಡಕೊಂಡು ಕುಂದ್ರತಿದ್ರು. ನಾನೂ ಜಪಾ ನಿಲ್ಲಸತಿದ್ದೆ. ಈಗ ಆ ಸಪ್ಪಳಾ ಅದರ ಕಾಲಾಗ ಬರಾಕತ್ತೈತಿ. ಎಲ್ಲಿಗಂತ ಓಡಬೇಕದು?’

ಹೆತ್ತ ತಾಯಿ ನನ್ನ ಕಾಲ ಸಪ್ಪಳಕ್ಕೆ ಜಪ ನಿಲ್ಲಿಸುತ್ತಿದ್ದಳು. ಆ ಚಪ್ಪಲಿಯನ್ನು ನಾನು ಹೇಳಿ ಮಾಡಿಸಿದ್ದು. ಅಗಸಿಯಲ್ಲಿ ಕಾಲಿಟ್ಟರೆ ಮನೆಯ ತನಕ ಕೇಳಬೇಕು ಕಾಕಾ, ಇನ್ನೊಂದು ಹಿಡಿ ಬೀಜ ಜಾಸ್ತಿ ಇಡು ಎಂದು ಪ್ರತಿ ಸಲ ಹೇಳಿದವನು ನಾನು. ಮನೆಗೆ ಕೇಳುತ್ತಿತ್ತು. ನಾನು ಹೊಸಿಲು ದಾಟುವಾಗ ಮನೆ ಅಷ್ಟು ಶಾಂತವಾಗಿರುತ್ತಿದ್ದುದನ್ನು ನೋಡಿ, ನಮ್ಮ ಮನೆಯಲ್ಲಿ ಒಂದು ಶಿಸ್ತು ಇದೆ ಎಂದು ಊರಲ್ಲಿ ಹೇಳಿಕೊಂಡು ಮೆರೆದಿದ್ದೇನೆ.

ಮಂಗಳವಾರದ ಪುಟದಲ್ಲಿ ಕೈ ಎತ್ತಿದವನಲ್ಲ ಎಂದು ಬರೆದಿದ್ದೇನಲ್ಲ, ಅದನ್ನು ಓದಿ ನಿನಗೆ ಏನನ್ನಿಸಿತೋ. ಎತ್ತುವ ಅಗತ್ಯವೇ ಇರಲಿಲ್ಲ. ಕೋಮಲ ಕಣಜದ ಹಿಂದೆ ಕೂರುತ್ತಿದ್ದುದು ನಿನಗೆ ಗೊತ್ತಿತ್ತು. ನೀನು ಹೋದದ್ದು ಪಾತೆಲಿಗಾಗಿ ಅಲ್ಲ, ಅದಕ್ಕಾಗಿ. ನನಗೆ ಇದು ತಿಳಿಯಲು ಒಂದು ನಾಯಿ ಉಚ್ಚೆ ಹೊಯ್ದುಕೊಳ್ಳಬೇಕಾಯಿತು.

ಬುಧವಾರ, ೧೨ ಮಾರ್ಚ್

ನಿನ್ನೆ ಮತ್ತೆ ಅಥಣಿಗೆ ಹೋಗಿದ್ದೆ. ಒಂದು ಚೀಲದಲ್ಲಿ ಚಂದ್ಯಾನ ಬೂಟು, ಇನ್ನೊಂದರಲ್ಲಿ ನನ್ನ ಚಪ್ಪಲಿ. ಬೀಜ ತೆಗೆದುಬಿಡು ಕಾಕಾ ಎಂದೆ. ನಾಯಿಯದನ್ನು ಕೂಡಲೆ ಬಿಚ್ಚಿದ, ತಪ್ಪಾಯಿತು ಎಂದು ಕೈಯನ್ನೂ ಮುಗಿದ. ಪ್ರೀತಿಯಿಂದ ಮಾಡಿದ್ದ ಪಾಪ. ನನ್ನದನ್ನು ಮಾತ್ರ ಮುಟ್ಟಲು ಒಪ್ಪಲಿಲ್ಲ. ‘ಸಪ್ಪಳಿಲ್ಲದ ಚಪ್ಪಲಿ ನನ್ನ ಕೈದು ಅಂತ ಯಾರೂ ಅನ್ನೂದಿಲ್ರಿ ಅಣ್ಣಾರ. ನಿಮ್ಮ ಅಪ್ಪಾರೂ ಕರಕರ ಹಾಕಿಸ್ಕೊಂಡವ್ರ’ ಅಂದ. ಅಪ್ಪನ ಸಪ್ಪಳ ಕೇಳಿದರೆ ನಾನು ಬಾಗಿಲಿಗೆ ಓಡಿ ಹೋಗುತ್ತಿದ್ದೆ, ನನ್ನ ಸಪ್ಪಳಕ್ಕೆ ನನ್ನ ಮಗಳು ಅಡಗಿ ಕೂರುತ್ತಾಳೆ ಎಂದು ಹೇಳಿದೆ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರ ಮುಂದೆಯೇ ಹೇಳಿದೆ. ಕಾಕಾ ಉಳಿ ತೆಗೆದುಕೊಂಡ. ಬಿಚ್ಚಿದ ಬೀಜಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟ. ಈ ಲಕೋಟೆಯೊಳಗಿನ ಸಣ್ಣ ಪೊಟ್ಟಣ ಅದೇ. ನನ್ನ ಎರಡೂ ಚಪ್ಪಲಿಯ ಬೀಜಗಳು ಅದರಲ್ಲಿವೆ, ಒಂದನ್ನೂ ಇಟ್ಟುಕೊಂಡಿಲ್ಲ.

ಮನೆಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ತಾಟಿನ ಪಕ್ಕ ಬೂಟು. ಚಂದ್ಯಾ ಅವನ್ನು ನೋಡಿ ಮುಖ ತಿರುಗಿಸಿತು. ನಾನು ನೆಲದ ಮೇಲೆ ಪಕ್ಕದಲ್ಲೇ ಮಲಗಿದೆ, ಮಾತಾಡಲಿಲ್ಲ. ಒಂದು ತಾಸಾದ ಮೇಲೆ ಕುಚ್ಚು ಮೂಸಿತು. ಒಂದು ಕಾಲು, ಒಂದು ಚೂರು ಖಾರಿ. ತೆಗೆದೆ. ಮತ್ತೆ ಹಾಕಿದೆ. ಡಾಕ್ಟರ ಬಂದವನು ಬಾಗಿಲಲ್ಲೇ ನಿಂತು ನೋಡಿ, ಒಳಗೆ ಬರದೆ ಅವ್ವನ ಹತ್ತಿರ ಕೂತ.

ಇವತ್ತು ಮುಂಜಾನೆ ನಾಲ್ಕೂ ಹಾಕಿ ನಿಲ್ಲಿಸಿದೆ. ಅದು ಮುಂದಿನ ಕಾಲನ್ನು ಕೆಸರಿನಿಂದ ಎತ್ತುವ ಹಾಗೆ ಮೇಲೆತ್ತಿ, ಊರಿ, ಕಿವಿ ನಿಮಿರಿಸಿ ಕಾಯಿತು. ಸಪ್ಪಳ ಬರಲಿಲ್ಲ. ತಿರುಗಿ ಬಾಗಿಲ ಕಡೆ ನೋಡಿತು. ಯಾರೂ ಬರಲಿಲ್ಲ. ನನ್ನ ಮುಖ ನೋಡಿತು. ಇನ್ನೊಂದು ಕಾಲು ಇಟ್ಟಿತು. ಆಮೇಲೆ ಇನ್ನೊಂದು. ಪಡಸಾಲೆ ದಾಟಿ, ಅಂಗಳಕ್ಕಿಳಿದು, ನಡುನಡುವೆ ಕೂತು, ಅಗಸಿಯ ತನಕ ಹೋಯಿತು. ಅಲ್ಲಿ ಬಸ್ಸು ನಿಲ್ಲುವ ಕಡೆ ಮುಖ ಮಾಡಿ ಮಲಗಿತು, ನೀವು ಹೋದ ದಿನದಿಂದ ದಿನಾ ಸಂಜೆ ಮಲಗುತ್ತಿದ್ದ ಜಾಗದಲ್ಲೇ. ನಾನು ಬೀಜವಿಲ್ಲದ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಅದರ ಪಕ್ಕ ಕೂತೆ.

ನಾಳೆ ಹೋಳಿ ಹುಣ್ಣಿಮೆ. ಕಾಲು ತೆಗೆಯುವುದು ಬೇಡ, ಒಂದು ಬೆರಳು ಹೋಗಬಹುದು ಎಂದು ಡಾಕ್ಟರ ಹೇಳಿದ್ದಾನೆ. ಈಗ ಕೋಮಲಳಿಗೆ ಹೇಳಬಹುದು. ಚಂದ್ಯಾ ಅವಳ ಪಾದದ ಪಕ್ಕದಲ್ಲೇ ಅದೇ ಪುಟದಲ್ಲಿ ಗಿರಾಕಿಯಾಗಿದೆ ಎಂದೂ ಹೇಳು.

ಮೊದಲ ಪುಟದಲ್ಲಿ ಬಾ ಎಂದು ಬರೆದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ನಾಯಿಯ ನೆಪ ಮಾಡಿ ಕರೆಯುವುದಿಲ್ಲ. ನೀವಿಬ್ಬರೂ ನನಗೆ ಬೇಕು, ಪ್ರತಿ ದಿನ ಬೇಕು, ಈ ಮನೆಯಲ್ಲಿ ನನಗೆ ಉಸಿರಾಡಲು ಆಗುತ್ತಿಲ್ಲ. ಇದನ್ನು ಬರೆಯದೆ ಇರಲು ಆಗಲಿಲ್ಲ, ಬರೆದಿದ್ದೇನೆ. ಆದರೆ ನೀವು ಅಲ್ಲಿ ಉಸಿರಾಡುತ್ತಿದ್ದರೆ ಅಲ್ಲೇ ಇರಿ. ಉತ್ತರ ಬರೆಯದಿದ್ದರೂ ನಡೆಯುತ್ತದೆ. ಕೋಮಲಳ ಕೈಯಿಂದ ಚಂದ್ಯಾನ ಹೆಸರಿಗೆ ಎರಡು ಸಾಲು ಬರೆಸು, ನಾನು ಅದಕ್ಕೆ ಮೆಲ್ಲಗೆ ಓದಿ ಹೇಳುತ್ತೇನೆ.

‘ನಿನ್ನ’ ಎಂದು ಬರೆಯುವ ಹಕ್ಕು ಉಳಿದಿದೆಯೋ ಇಲ್ಲವೋ ತಿಳಿಯದ,
ಧರಣೇಂದ್ರ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಡಾಕ್ಟರನ ಪ್ರಶ್ನೆಗೆ ನಾನು ಉತ್ತರ ಹೇಳಿರಲಿಲ್ಲ, ನಿನಗೂ ಸುಳ್ಳು ಬರೆದಿದ್ದೆ. ಚಂದ್ಯಾ ರವದಿಯಲ್ಲಿ ಮಲಗಿರಲಿಲ್ಲ. ಅದಕ್ಕೆ ಏನೂ ಆಗಬಾರದೆಂದು ದೂರದ ಮೋಟರ ಮನೆಯ ಹತ್ತಿರ ನಾನೇ ಗಟ್ಟಿಯಾಗಿ ಕಟ್ಟಿದ್ದೆ. ರವದಿಯಲ್ಲಿ ಇದ್ದವನು ನಾನು. ನಾಲ್ಕೂ ಕಡೆ ಹಚ್ಚಿ ನಡುವೆ ಹೋಗಿ ಕೂತಿದ್ದೆ. ಸಾಯಬೇಕೆಂದು ಕೂತೆನೋ, ಏಳಬೇಕೆಂದು ಅನ್ನಿಸಲಿಲ್ಲವೋ, ಈಗ ಕೇಳಿದರೆ ಹೇಳಲು ಬರುವುದಿಲ್ಲ. ಅದು ಹಗ್ಗ ಹರಿದುಕೊಂಡು ಉರಿಯೊಳಗಿಂದ ಬಂದು ನನ್ನ ಅಂಗಿ ಕಚ್ಚಿ ಎಳೆಯಿತು. ಹೊರಗೆ ಅಟ್ಟಿದೆ, ಹೋಗಲಿಲ್ಲ. ನಾನು ಎದ್ದದ್ದು ಅದನ್ನು ಹೊರಗೆ ಬಿಡಲೆಂದು. ಅವ್ವ ಬದುವಿನ ಮೇಲೆ ನಿಂತಿದ್ದಳು, ಉರಿಯೊಳಗಿಂದ ನನ್ನ ದನಿ ಕೇಳಿದ್ದಳು, ಅವಳಿಗೆ ಗೊತ್ತು. ಕಡ್ಡಿಪೆಟ್ಟಿಗೆ ಅದಕ್ಕೇ ಅವಳ ಸೊಂಟದಲ್ಲಿದೆ. ಇವತ್ತು ಡಾಕ್ಟರ ವಿಕ್ರಾಂತನಿಗೂ ಎಲ್ಲ ಹೇಳಿದೆ, ಶನಿವಾರ ಮಿರಜಿಗೆ, ಇಂಥದ್ದಕ್ಕೆ ಔಷಧ ಕೊಡುವ ಡಾಕ್ಟರ ಹತ್ತಿರ, ನನ್ನನ್ನು ಕರೆದುಕೊಂಡು ಹೋಗುತ್ತಾನೆ. ಹೋಗುತ್ತೇನೆ.

ಒಂದು ಮಾತು ಮಾತ್ರ ಈ ಎರಡು ದಿನ ತಲೆಯಿಂದ ಹೋಗುತ್ತಿಲ್ಲ. ಆ ದಿನ ನಾನು ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿದ್ದೆ. ಅವು ಕಾಲಲ್ಲಿ ಇದ್ದಿದ್ದರೆ ಚಂದ್ಯಾ ನನ್ನ ಹತ್ತಿರ ಬರುತ್ತಿರಲಿಲ್ಲ.